ನಿನ್ನೆ ಎಂದು ಸೇರಿಸಿ ನೋಡು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಗಂಡನ ಬಾಯಿಂದ ತಡೆಯಿಲ್ಲದೆ ಬಂದ ಮೊದಲ ಮಾತು ಬಸ್ ಸ್ಟಾಪುಗಳ ಹೆಸರು. ಆರ್.ಟಿ. ನಗರದ ನಮ್ಮ ಮನೆಯ ಹಜಾರದಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಇಡುತ್ತಿದ್ದೆ. ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಇವರು ತಲೆ ಎತ್ತಿ, "ಗೊರಗುಂಟೆಪಾಳ್ಯ, ಹೆಬ್ಬಾಳ, ಕೊಡಿಗೇಹಳ್ಳಿ ಗೇಟ್, ಬ್ಯಾಟರಾಯನಪುರ, ಜಕ್ಕೂರು, ಯಲಹಂಕ" ಎಂದು ಒಂದೇ ಉಸಿರಿಗೆ ಹೇಳಿದರು. ದನಿಯೂ ಹಳೆಯದೇ, ಮೂಗಿನಿಂದ ಸ್ವಲ್ಪ ಎಳೆದು ಹೇಳುವ ದನಿ. ಆಮೇಲೆ ನನ್ನ ಮುಖ ನೋಡಿ ಏನೋ ಕೇಳಲು ಹೊರಟರು. ತುಟಿ ಅಲುಗಿತು, ಮಾತು ಬರಲಿಲ್ಲ. ಕಣ್ಣು ತಂಬಿಗೆಯ ಕಡೆ ಹೋಯಿತು. ನೀರು ಬೇಕಾಗಿತ್ತು.

ಇವರು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ದಿನವಿಡೀ ಜನರ ಜೊತೆ ಮಾತಾಡಿ ಬಂದು ಮನೆಯಲ್ಲೂ ಮಾತಾಡುತ್ತಿದ್ದರು. ಯಾವ ಸ್ಟಾಪಿನಲ್ಲಿ ಯಾರು ಹತ್ತಿದರು, ಯಾರು ಯಾರಿಗೆ ಸೀಟು ಬಿಡಲಿಲ್ಲ, ಎಲ್ಲವನ್ನೂ ಊಟದ ಹೊತ್ತಿಗೆ ಹೇಳಲೇಬೇಕು. ನಾನು ಒಂದು ಸಣ್ಣ ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳ ಗಲಾಟೆ ಕೇಳಿ ಸಾಕಾಗಿ ಬಂದಿರುತ್ತಿದ್ದೆ. "ಸ್ವಲ್ಪ ಹೊತ್ತು ಸುಮ್ನಿರ್ತೀರಾ?" ಎಂದು ಎಷ್ಟೋ ಸಲ ಕೇಳಿದ್ದುಂಟು. ಇವರು ನಗುತ್ತಿದ್ದರು, ಸುಮ್ಮನಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಕಾಫಿ ಕುಡಿಯುತ್ತಿದ್ದಾಗ ಲೋಟ ಬಲಗೈಯಿಂದ ಜಾರಿ ಬಿತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ ಎಂದರು ಡಾಕ್ಟರು. ಪ್ರಾಣ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಹೋಯಿತು.

ನನಗೆ ಅಳು ಬರಲಿಲ್ಲ. ಆಸ್ಪತ್ರೆಯಲ್ಲೂ ಬರಲಿಲ್ಲ, ಮನೆಗೆ ಬಂದ ಮೇಲೂ ಬರಲಿಲ್ಲ. ನೋಡಲು ಬಂದ ನೆಂಟರು "ಗಟ್ಟಿ ಹೆಂಗಸು" ಎಂದು ಹೇಳಿ ಹೋದರು. ನಾನು ಗಟ್ಟಿಯಾಗಿರಲಿಲ್ಲ. ಮೈಯೊಳಗೆ ಯಾರೋ ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತ ಹಾಗಿತ್ತು, ಕಿತ್ತದ್ದು ಗೊತ್ತು, ನೋವು ಮಾತ್ರ ಇಲ್ಲ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ತಂಗಿ ಫೋನ್ ಮಾಡಿ, "ಅತ್ತುಬಿಡೇ ಒಂದ್ಸಲ, ಹಗುರ ಆಗತ್ತೆ" ಎನ್ನುತ್ತಿದ್ದಳು. "ಹೂಂ" ಎಂದು ಫೋನ್ ಇಟ್ಟು ಇವರ ಬಟ್ಟೆ ಒಗೆಯಲು ಹೋಗುತ್ತಿದ್ದೆ. ಶಾಲೆಯ ಕೆಲಸ ಬಿಟ್ಟೆ. ಅದಕ್ಕೂ ಏನೂ ಅನ್ನಿಸಲಿಲ್ಲ.

ಹೆಬ್ಬಾಳದಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳಿದ್ದಳು, ನಮ್ಮ ಮಗಳ ವಯಸ್ಸಿನವಳು. ವಾರಕ್ಕೆರಡು ಸಲ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವಳು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು. ಮೊದಲು ಏನೂ ಬರುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ "ಬಾಳೆಹಣ್ಣು", "ಕೊಡೆ", "ನಾಯಿ" ಎಂದು ಹೇಳತೊಡಗಿದರು. ಹುಡುಗ ಓಡುತ್ತಿರುವ ಚಿತ್ರ ತೋರಿಸಿದರೆ "ಹುಡುಗ" ಎಂದು ನಿಂತುಬಿಡುತ್ತಿದ್ದರು. ತುಂಬಾ ಒತ್ತಾಯಿಸಿದರೆ, "ಹುಡುಗ... ಓಡೋದು."

"ವಸ್ತುಗಳ ಹೆಸರು ಬರ್ತಿದೆ ಮೇಡಂ. ಕ್ರಿಯಾಪದ ಬರ್ತಿಲ್ಲ" ಎಂದಳು ಥೆರಪಿಸ್ಟ್. "ಕೆಲವರಿಗೆ ಇಂಗೇ ಆಗತ್ತೆ. ಅದಕ್ಕೆ ಟೈಮ್ ಬೇಕು."

ಅವಳು ದೇವನಹಳ್ಳಿ ಕಡೆಯ ಹುಡುಗಿ ಇರಬೇಕು, ಅವಸರದಲ್ಲಿ 'ಹಿಂಗೆ' ಎನ್ನುವುದು 'ಇಂಗೆ' ಆಗುತ್ತಿತ್ತು.

ಮನೆಯಲ್ಲೂ ಹಾಗೇ. ಬೇಕು, ಬೇಡ, ಸಾಕು, ಆಯ್ತು, ಈ ನಾಲ್ಕು ಮಾತ್ರ ಚೆನ್ನಾಗಿ ಬರುತ್ತಿದ್ದವು. ಅದರಲ್ಲೇ ದಿನ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಿನದೇನಾದರೂ ಹೇಳಬೇಕಾದರೆ "ಊಟ ಮಾಡೋದು", "ಸ್ನಾನ ಮಾಡೋದು", "ಫ್ಯಾನು... ತಿರುಗೋದು". ಫ್ಯಾನು ಹಾಕಬೇಕೋ, ಆರಿಸಬೇಕೋ ಎಂದು ನಾನು ಎದ್ದು ಹಾಕಿ, ಆರಿಸಿ, ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಮಹಡಿ ಮನೆಯಾಕೆ ಬಂದಳು. ಮೂವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ. ಗಂಡನದು ಹಾಸಿಗೆ, ದಿಂಬು ಹೊಲಿಯುವ ಅಂಗಡಿ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಪಟಪಟನೆ ಕನ್ನಡ. ಮದುವೆಯಾದ ಮೇಲೆ ನಿಂತಿದ್ದ ಓದನ್ನು ಹಟ ಮಾಡಿ ಮುಗಿಸಿ, ಟೀಚರ್ ಆಗಲು ಬರೆಯಬೇಕಾದ ಪರೀಕ್ಷೆಗೆ ಕೂತಿದ್ದಳು. ಉಳಿದದ್ದೆಲ್ಲ ಹೇಗೋ ನಡೆಯುತ್ತಿತ್ತು, ಇಂಗ್ಲಿಷ್ ಗ್ರಾಮರ್ ಮಾತ್ರ ಅವಳನ್ನು ಎರಡು ಸಲ ಕೆಡವಿತ್ತು.

"ಆಂಟಿ, ನಿಮಗೆ ಈಗ ಕಷ್ಟದ ಟೈಮು, ಕೇಳ್ಬಾರ್ದು" ಎಂದು ಬಾಗಿಲಲ್ಲೇ ನಿಂತಳು. "ದಿನಾ ಸ್ವಲ್ಪ ಹೊತ್ತು ಹೇಳಿಕೊಡ್ತೀರಾ? ಅಂಕಲ್‌ಗೆ ತೊಂದರೆ ಆಗಲ್ಲಾಂದ್ರೆ."

"ಬಾ" ಎಂದೆ. ಕನಿಕರದಿಂದಲ್ಲ, ಉತ್ಸಾಹದಿಂದಲೂ ಅಲ್ಲ. ಇಲ್ಲ ಎನ್ನಲು ಬೇಕಾದ ಶಕ್ತಿಗಿಂತ ಹೂಂ ಎನ್ನಲು ಬೇಕಾದದ್ದು ಕಡಿಮೆ ಇತ್ತು, ಅಷ್ಟೇ.

ಮಕ್ಕಳು ಸ್ಕೂಲಿನಿಂದ ಬರುವ ಮುಂಚೆ, ಮಧ್ಯಾಹ್ನ ಊಟದ ಪಾತ್ರೆ ತೊಳೆದು ಅವಳು ಕೆಳಗಿಳಿದು ಬರುತ್ತಿದ್ದಳು. ಹಜಾರದಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಇವರು ಕಿಟಕಿ ಪಕ್ಕದಲ್ಲಿ ತಮ್ಮ ಕುರ್ಚಿಯಲ್ಲಿ.

ಅವಳು ಎಡವಿ ಬೀಳುತ್ತಿದ್ದುದು ಫೈನೈಟ್ ವರ್ಬ್ ಹತ್ತಿರ. ವಾಕ್ಯ ಕೊಟ್ಟು, ಇದರಲ್ಲಿ ಫೈನೈಟ್ ವರ್ಬ್ ಯಾವುದು ಗುರುತಿಸಿ ಎಂದರೆ ಸಾಕು, ಪೆನ್ಸಿಲ್ ಕಚ್ಚುತ್ತಾ ಕೂರುವಳು. ಮೊದಲ ದಿನ ನಾನು ಕೊಟ್ಟದ್ದು ಸುಲಭದ ವಾಕ್ಯ: ಶಿ ವಾಂಟ್ಸ್ ಟು ಗೋ ಹೋಮ್. ಅವಳು 'ಗೋ' ಪದದ ಕೆಳಗೆ ಗೆರೆ ಎಳೆದಳು.

"ಯಾಕೆ?" ಎಂದೆ.

"ಹೋಗೋದೇ ತಾನೇ ಕೆಲಸ? ವಾಂಟ್ಸ್ ಅಂದ್ರೆ ಬರೀ ಮನಸಲ್ಲಿ ಇರೋದು. ಮನಸಲ್ಲಿ ಇದ್ರೆ ಅದು ಕೆಲಸ ಹೆಂಗಾಗತ್ತೆ ಆಂಟಿ?"

ಶಾಲೆಯಲ್ಲಿ ಎಷ್ಟೋ ವರ್ಷ ಇದೇ ತಪ್ಪನ್ನು ತಿದ್ದಿದ್ದೆ. ಹೀಗೆ ಕಾರಣ ಹೇಳಿದವರು ಯಾರೂ ಇರಲಿಲ್ಲ. "ಕೆಲಸ ಯಾವುದು ಅಂತ ಹುಡುಕಬೇಡ" ಎಂದೆ. "ವಾಕ್ಯಕ್ಕೆ 'ನಿನ್ನೆ' ಅಂತ ಸೇರಿಸಿ ನೋಡು. ಯಾವ ಪದ ಬದಲಾಗತ್ತೋ ಅದು ಫೈನೈಟ್ ವರ್ಬ್."

ಅವಳು ಬಾಯಲ್ಲೇ ಹೇಳಿಕೊಂಡಳು. ಯೆಸ್ಟರ್ಡೇ ಶಿ ವಾಂಟೆಡ್ ಟು ಗೋ ಹೋಮ್. "ಗೋ ಹಂಗೇ ಇದೆ" ಎಂದಳು, ಯಾರೋ ಮೋಸ ಮಾಡಿದವರ ಹಾಗೆ.

"ಇನ್ನೊಂದು ನೋಡು. ದ ಮ್ಯಾನ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್ ಸೆಲ್ಸ್ ಫ್ಲವರ್ಸ್."

ಸ್ಟ್ಯಾಂಡಿಂಗ್ ಕೆಳಗೆ ಗೆರೆ ಎಳೆಯಲು ಹೋದ ಕೈ ನಿಂತಿತು. ನಿನ್ನೆ ಎಂದು ಸೇರಿಸಿ ನೋಡಿದಳು. ಸೆಲ್ಸ್ ಹೋಗಿ ಸೋಲ್ಡ್ ಬಂತು, ಸ್ಟ್ಯಾಂಡಿಂಗ್ ಗೇಟಿನ ಹತ್ತಿರ ನಿಂತೇ ಇತ್ತು.

"ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಇದಕ್ಕೆ ತಕ್ಕ ಹಾಗೆ ಬದಲಾಗೋದು ಒಂದೇ ಒಂದು ಪದ ಇರತ್ತೆ" ಎಂದೆ. "ಕನ್ನಡದಲ್ಲೂ ಹಾಗೇ. ಹೋದಳು ಅಂದ್ರೆ ಅವಳು, ಮುಗಿದುಹೋಗಿದೆ. ಹೋಗ್ತೀನಿ ಅಂದ್ರೆ ನಾನು, ಇನ್ನೂ ಹೋಗಿಲ್ಲ. ಹೋಗೋದು ಅಂದ್ರೆ? ಯಾರು ಅಂತ ಗೊತ್ತಾಗಲ್ಲ, ಯಾವಾಗ ಅಂತಾನೂ ಗೊತ್ತಾಗಲ್ಲ."

ಹೇಳಿ ಮುಗಿಸಿದ ಮೇಲೆ ಕುರ್ಚಿಯ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು.

ಮಹಡಿ ಮನೆಯಾಕೆ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡಳು. "ಆಂಟಿ, ನಮ್ಮ ಮಾತಲ್ಲಿ ನಿನ್ನೆಗೂ ಕಲ್ ಅಂತೀವಿ, ನಾಳೆಗೂ ಕಲ್ ಅಂತೀವಿ. ಕಲ್ ಆಯಾ ಅಂದ್ರೆ ನಿನ್ನೆ ಬಂದ, ಕಲ್ ಆತಾ ಅಂದ್ರೆ ನಾಳೆ ಬರ್ತಾನೆ. ವರ್ಬ್ ನೋಡಿದ್ರೇನೇ ಗೊತ್ತಾಗೋದು. ಅದೇನಾ ಇದು?"

"ಅದೇ" ಎಂದೆ.

"ಅಯ್ಯೋ, ಇಷ್ಟೇನಾ!" ಎಂದು ನಕ್ಕಳು. ಆ ದಿನದಿಂದ ಅವಳು ವಾಕ್ಯಗಳಿಗೆ ಯೆಸ್ಟರ್ಡೇ ಸೇರಿಸುವ ಕೆಲಸಕ್ಕೆ ಬಿದ್ದಳು. ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ ಅಲ್ಲೂ ಅವಳ ಗೊಣಗಾಟ ಕೇಳುತ್ತಿತ್ತು. ಪಾಠದ ಆ ಒಂದು ಗಂಟೆ ನನ್ನ ತಲೆ ಹಳೆಯ ಹಾಗೆ ಕೆಲಸ ಮಾಡುತ್ತಿತ್ತು. ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ಮತ್ತೆ ಮೊದಲಿನ ಹಾಗೇ.

ಒಂದು ದಿನ ಹಾಲು, ಕೊತ್ತಂಬರಿ ತರಲೆಂದು ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದೆ. ಇವರು ಕುರ್ಚಿಯಲ್ಲೇ ಇದ್ದರು, ಸ್ವಲ್ಪ ಬೆವರಿದ್ದರು. ನನ್ನನ್ನು ನೋಡಿದ ಕೂಡಲೇ, "ಬೀಳೋದು" ಎಂದರು.

"ಏನು ಬೀಳೋದು?"

"ಬೀಳೋದು. ಬಾತ್ರೂಮು."

ಬಾತ್ರೂಮಿನ ನೆಲ ಜಾರುತ್ತದೆ, ಬೀಳುವ ಭಯ ಎಂದುಕೊಂಡೆ. "ಬೀಳಲ್ಲ ಬಿಡಿ. ರಬ್ಬರ್ ಮ್ಯಾಟ್ ತಂದು ಹಾಕ್ತೀನಿ" ಎಂದೆ.

ಇವರು ಎಡಗೈಯಿಂದ ಕುರ್ಚಿಯ ಕೈಗೆ ಬಡಿದು ಜೋರಾಗಿ, "ಬೀಳೋದು! ಬೀಳೋದು!" ಎಂದರು.

"ಆಯ್ತು ರೀ, ಇವತ್ತೇ ತರ್ತೀನಿ" ಎಂದೆ. ಸಂಜೆಯೇ ಹೋಗಿ ಹಸಿರು ಮ್ಯಾಟ್ ತಂದು ಹಾಸಿದೆ. ತೋರಿಸಲು ಕರೆದೆ. ಇವರು ಮುಖ ತಿರುಗಿಸಿಕೊಂಡರು. ಹಟ ಎಂದುಕೊಂಡೆ.

ಮರುದಿನ ಸ್ನಾನ ಮಾಡಿಸುವಾಗ ನೋಡಿದೆ. ಸೊಂಟದಿಂದ ತೊಡೆಯವರೆಗೆ ನೇರಳೆ ಬಣ್ಣಕ್ಕೆ ತಿರುಗಿದ ದೊಡ್ಡ ಗಾಯ, ಊದಿಕೊಂಡಿತ್ತು. ನಾನು ಅಂಗಡಿಗೆ ಹೋದಾಗ ಗೋಡೆ ಹಿಡಿದು ಬಾತ್ರೂಮಿಗೆ ಹೋಗಿ ಬಿದ್ದು, ಒಂದು ಕೈಯಲ್ಲಿ ಏನನ್ನೋ ಹಿಡಿದು ತಾವೇ ಎದ್ದು, ಬಂದು ಕುರ್ಚಿಯಲ್ಲಿ ಕೂತಿರಬೇಕು. ಆ ಹೊತ್ತಿಗೆ ನನಗೆ ಅಷ್ಟು ಕೂಡ ಖಚಿತವಾಗಿ ಗೊತ್ತಿರಲಿಲ್ಲ. ಚೊಂಬು ಕೆಳಗಿಟ್ಟು, ಮೈ ಒರೆಸಿ, ಲುಂಗಿ ಉಡಿಸಿ, ಆಟೋ ಕರೆದೆ.

ಮೂಳೆ ಡಾಕ್ಟರು ವಯಸ್ಸಾದವರು, ಮೆತ್ತನೆ ಮಾತಿನವರು. ಗಾಯ ಒತ್ತಿ ನೋಡಿ ಎಕ್ಸ್‌ರೇಗೆ ಬರೆಯುತ್ತಾ, "ಯಾವಾಗ ಬಿದ್ರಿ ಸಾರ್?" ಎಂದು ಇವರನ್ನೇ ಕೇಳಿದರು.

"ಬೀಳೋದು" ಎಂದರು ಇವರು.

"ಯಾವಾಗ?"

"ಬೀಳೋದು... ಬಾತ್ರೂಮು."

ಡಾಕ್ಟರು ನನ್ನ ಮುಖ ನೋಡಿದರು. ವಾರವಿಡೀ ಮಧ್ಯಾಹ್ನ ಮಧ್ಯಾಹ್ನ ಹೇಳಿ ಹೇಳಿ ನಿನ್ನೆ ಎನ್ನುವ ಮಾತು ಬಾಯಲ್ಲೇ ಇತ್ತು. ಪಾಠದ ದನಿಯಲ್ಲೇ ಕೇಳಿಬಿಟ್ಟೆ. "ನಿನ್ನೆನಾ? ಇವತ್ತಾ?"

ಇವರು ನನ್ನ ಕಡೆ ತಿರುಗಿದರು. "ನಿನ್ನೆ" ಎಂದರು. ಆಮೇಲೆ, ಒಂದೊಂದನ್ನೇ ಎತ್ತಿ ಇಡುವವರ ಹಾಗೆ, "ನಿನ್ನೆ. ಬೀಳೋದು. ನೀನು... ಅಂಗಡಿ."

"ನಾನು ಅಂಗಡಿಗೆ ಹೋಗಿದ್ದಾಗ ನಿನ್ನೆ ಬಿದ್ರು" ಎಂದು ಡಾಕ್ಟರಿಗೆ ಹೇಳಿದೆ. ಇವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಹಿಂದಿನ ದಿನದಿಂದ ಹೊತ್ತುಕೊಂಡು ತಿರುಗಿದ್ದನ್ನು ಇಳಿಸಿದ ಹಾಗಿತ್ತು ಆ ಉಸಿರು.

ಮೂಳೆ ಮುರಿದಿರಲಿಲ್ಲ. ಹಚ್ಚಲು ಮುಲಾಮು ಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ಎದೆ ಬಿರಿಯಬೇಕಾಗಿತ್ತು. ಬಿರಿಯಲಿಲ್ಲ. ಎಕ್ಸ್‌ರೇ ಕವರನ್ನು ಮಡಚಿಹೋಗದಂತೆ ಹಿಡಿದುಕೊಳ್ಳಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು.

ಮಧ್ಯಾಹ್ನ ಪಾಠಕ್ಕೆ ಬಂದ ಮಹಡಿ ಮನೆಯಾಕೆಗೆ ನಡೆದದ್ದನ್ನು ಹೇಳಿದೆ. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿರಬೇಕು, ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ಇವರ ಕುರ್ಚಿಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು. "ಅಂಕಲ್, ಇನ್ಮೇಲೆ ಏನ್ ಹೇಳೋದಿದ್ರೂ ಮೊದ್ಲು ನಿನ್ನೆ, ಇವತ್ತು, ನಾಳೆ ಹೇಳ್ಬಿಡಿ. ಆಮೇಲೆ ಮಿಕ್ಕಿದ್ದು ಹೇಳಿ. ಆಂಟಿ ಅರ್ಥ ಮಾಡ್ಕೋತಾರೆ. ಸರೀನಾ?"

"ಆಯ್ತು" ಎಂದರು ಇವರು.

ಮುಂದಿನ ಸಲ ಹೆಬ್ಬಾಳಕ್ಕೆ ಹೋದಾಗ ಥೆರಪಿಸ್ಟ್‌ಗೂ ಹೇಳಿದೆ. "ಒಳ್ಳೇದಾಯ್ತು ಮೇಡಂ, ಅದನ್ನೇ ಪ್ರಾಕ್ಟೀಸ್ ಮಾಡ್ಸೋಣ" ಎಂದು ಅವಳು ಕಾರ್ಡುಗಳ ಜೊತೆ ಕ್ಯಾಲೆಂಡರ್ ಇಟ್ಟುಕೊಂಡಳು.

ಆಮೇಲೆ ಮಧ್ಯಾಹ್ನದ ಪಾಠದಲ್ಲಿ ಇವರೂ ಸೇರಿಕೊಂಡರು. ಅವಳು ವಾಕ್ಯ ಓದಿ ನಿಲ್ಲುತ್ತಿದ್ದಳು. ಇವರು ಕುರ್ಚಿಯಿಂದ "ಯೆಸ್ಟರ್ಡೇ!" ಎಂದು ಕೂಗುತ್ತಿದ್ದರು. ಅವಳು ವಾಕ್ಯವನ್ನು ಬದಲಾಯಿಸಿ ಹೇಳಿ, ಬದಲಾದ ಪದಕ್ಕೆ ಗೆರೆ ಎಳೆಯುತ್ತಿದ್ದಳು. ಇವರಿಗೆ ಇಂಗ್ಲಿಷ್ ಅಷ್ಟೇನೂ ಬಾರದು. ಆದರೂ ಕೂಗುವ ಸರದಿ ತಪ್ಪಿಸುತ್ತಿರಲಿಲ್ಲ. ಒಮ್ಮೆ ಅವಳ ಚಿಕ್ಕ ಮಗಳು ಜ್ವರವೆಂದು ಮನೆಯಲ್ಲೇ ಇದ್ದವಳು ಜೊತೆಗೆ ಬಂದು ತಾನೂ ಕೂಗತೊಡಗಿದಳು. "ಗಲಾಟಾ ನಕ್ಕೊ ಕರೋ" ಎಂದು ತಾಯಿ ಗದರಿಸಿದರೆ ಇವರು ಎಡಗೈ ಎತ್ತಿ "ಬೇಡ, ಬೇಡ" ಎಂದು ತಾಯಿಯನ್ನೇ ಸುಮ್ಮನಾಗಿಸಿದರು. ಇವರೂ ಆ ಮಗುವೂ ನಗುತ್ತಿದ್ದರು. ನಾನು ನೋಡುತ್ತಿದ್ದೆ. ಇದು ನಗುವ ಹೊತ್ತು ಎಂದು ತಿಳಿಯುತ್ತಿತ್ತು.

ಮಗಳು ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಂದು ಇದ್ದು ಹೋಗಿದ್ದಳು. ಆಮೇಲೆ ಬಸುರಿಯಾದಳು, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ನಾನು ಟೆರೇಸಿನಿಂದ ಒಣಗಿದ ಬಟ್ಟೆ ತಂದು ಒಳಗೆ ಬಂದರೆ ಫೋನು ಇವರ ತೊಡೆಯ ಮೇಲಿತ್ತು.

"ಮಗಳು" ಎಂದರು. "ನಾಳೆ. ಬರೋದು."

ಇವರಿಗೆ ಅವಳನ್ನು ನೋಡುವ ಆಸೆ ಎಂದುಕೊಂಡೆ. ಬಟ್ಟೆ ಮಡಚುತ್ತಾ, "ಬರ್ತಾಳೆ, ಬರ್ತಾಳೆ. ಏಳು ತಿಂಗಳಾಗ್ಲಿ, ಹೆರಿಗೆಗೆ ಕರ್ಕೊಂಡು ಬರೋಣ" ಎಂದೆ.

"ನಾಳೆ" ಎಂದರು ಇವರು. "ನಾಳೆ. ನಾಳೆ."

ನಾನು ಹೂಂಗುಟ್ಟಿದೆ.

ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಆಟೋ ನಿಂತಿತು. ಮಗಳು ಯಶವಂತಪುರದಲ್ಲಿ ರೈಲಿಳಿದು ಬಂದಿದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಬ್ಯಾಗು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಏನಮ್ಮಾ ಹಿಂಗ್ ನೋಡ್ತಿದ್ದೀಯ? ಡಾಕ್ಟ್ರು ಹೋಗ್ಬಹುದು ಅಂದ್ರು, ಅದಕ್ಕೆ ಬಂದೆ. ಅಪ್ಪಂಗೆ ಹೇಳಿದ್ನಲ್ಲ, ಅಮ್ಮಂಗೆ ಹೇಳು ಅಂತ."

"ಅವರೇನಂದ್ರು?"

"ಆಯ್ತು ಅಂದ್ರು. ಹೇಳ್ಲಿಲ್ವಾ?"

"ಹೇಳಿದ್ರು" ಎಂದೆ.

ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಮಗಳು ಹೋಗಿ ಅವರ ಭುಜಕ್ಕೆ ತಲೆ ಆನಿಸಿದಳು. ನಾನು ಅಡುಗೆಮನೆಗೆ ಹೋಗಿ ರವೆ ಹುರಿದೆ. ಮೂರು ಜನಕ್ಕೆ ಉಪ್ಪಿಟ್ಟು ಮಾಡಿ ಎಷ್ಟೋ ಕಾಲವಾಗಿತ್ತು, ಅಳತೆ ತಪ್ಪಿ ಜಾಸ್ತಿಯಾಯಿತು. ಅದನ್ನೇ ಮಧ್ಯಾಹ್ನಕ್ಕೂ ತಿಂದೆವು. ಆ ದಿನದ ಮೇಲೆ ಇವರು ಹೇಳಿದ್ದನ್ನು ಇನ್ನೊಂದು ಸಲ ಕೇಳದೆ ನಾನು ತೀರ್ಮಾನಕ್ಕೆ ಬರುವುದನ್ನು ಬಿಟ್ಟೆ. ಮಗಳು ಇದ್ದ ಆ ವಾರ ಇವರು ಅವಳಿಗೆ ಬಹಳ ಸುದ್ದಿ ಹೇಳಿದರು. ನಿನ್ನೆ, ಪಾರಿವಾಳ, ಕಿಟಕಿ, ಕೂರೋದು. ಇವತ್ತು, ಕರೆಂಟು, ಹೋಗೋದು. ಅವಳು ತಾಳ್ಮೆಯಿಂದ ಜೋಡಿಸಿ ವಾಪಸ್ಸು ಹೇಳುತ್ತಿದ್ದಳು, ಇವರು ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಅವಳು ನನ್ನನ್ನು ಒಳಗೆ ಕರೆದು ಕೇಳಿದಳು. "ನೀನು ಚೆನ್ನಾಗಿದ್ದೀಯೇನಮ್ಮಾ?"

"ನನಗೇನಾಗಿದೆ?"

"ಏನೂ ಆಗಿಲ್ಲ ಅನ್ನೋ ಥರ ಇದ್ದೀಯ. ಅದಕ್ಕೆ ಕೇಳಿದೆ."

ಅವಳು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನದು ಒದೆಯುತ್ತಿತ್ತು. ಅಂಗೈಗೆ ಅದು ತಗುಲಿದ್ದು ಗೊತ್ತಾಯಿತು. ಬೆಚ್ಚಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಥೆರಪಿಸ್ಟ್, "ಇನ್ನು ಹೊಸ ಮಾತು ಬರೋದು ನಿಧಾನ ಆಗತ್ತೆ ಮೇಡಂ. ಈಗ ಇರೋ ಮಟ್ಟ ಉಳಿಸ್ಕೊಂಡ್ರೆ ಅದೇ ದೊಡ್ಡದು. ತಿಂಗಳಿಗೊಂದ್ಸಲ ಬನ್ನಿ ಸಾಕು" ಎಂದಳು. ಆಗಲಿ ಎಂದೆ. ಇವರಿಗೆ ಪೂರ್ತಿ ವಾಕ್ಯ ಬರಲಿಲ್ಲ. ಒಂದೊಂದು ಸಲ, ಅದೂ ಸಿಟ್ಟು ಬಂದಾಗ, "ಹೋದ!" ಎಂದೋ "ಬಿಟ್ರು!" ಎಂದೋ ಸಿಡಿಯುವುದುಂಟು. ಮತ್ತೊಮ್ಮೆ ಹೇಳಿ ಎಂದರೆ ಬರುವುದಿಲ್ಲ. ನಾನೀಗ ಮತ್ತೊಮ್ಮೆ ಹೇಳಿ ಎನ್ನುವುದಿಲ್ಲ.

ಮಹಡಿ ಮನೆಯಾಕೆ ಮೂರನೆಯ ಸಲಕ್ಕೆ ಪಾಸಾದಳು. ತಣಿಸಂದ್ರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ, ಹತ್ತಿರವಾಗಲೆಂದು ಮನೆಯನ್ನೂ ಅಲ್ಲಿಗೇ ಬದಲಾಯಿಸಿದರು. ಮೇಲಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರು, ಹೆಚ್ಚು ಮಾತಿಲ್ಲ. ನಾನು ಮತ್ತೆ ಮಧ್ಯಾಹ್ನದವರೆಗೆ ಶಾಲೆಗೆ ಹೋಗುತ್ತಿದ್ದೇನೆ. ಆ ಹೊತ್ತಿಗೆ ಇವರ ಜೊತೆಗೆ ಒಬ್ಬ ಹೆಂಗಸು ಇರುತ್ತಾಳೆ. ಮಗಳಿಗೆ ಗಂಡು ಮಗು.

ಕಳೆದ ಭಾನುವಾರ ಮಹಡಿ ಮನೆಯಾಕೆ, ಈಗಲೂ ಅವಳನ್ನು ಹಾಗೇ ಕರೆಯುತ್ತೇನೆ, ಸ್ಟೀಲ್ ಡಬ್ಬಿಯಲ್ಲಿ ಶ್ಯಾವಿಗೆ ಪಾಯಸ ತಂದಿದ್ದಳು. ಅವಳ ಕ್ಲಾಸಿನ ಹುಡುಗರಿಗೆ ಗ್ರಾಮರ್ ಅಂದರೆ ಎಷ್ಟು ಬೇಜಾರು, ಹೆಡ್‌ಮಿಸ್ ಎಷ್ಟು ಜೋರು ಎಂದೆಲ್ಲ ಹೇಳುತ್ತಾ ಕೂತಳು. ಇವರು ಎರಡು ಸಲ ಹಾಕಿಸಿಕೊಂಡು ತಿಂದು ಕುರ್ಚಿಯಲ್ಲೇ ನಿದ್ದೆ ಹೋದರು. ಅವಳು ಹೊರಡುವಾಗ ಡಬ್ಬಿ ತೊಳೆದೆ. ಖಾಲಿ ಡಬ್ಬಿ ಕೊಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಬಿಡಿಸಿದ ಅವರೆಕಾಳು ಮನೆಯಲ್ಲಿತ್ತು, ಅದನ್ನು ತುಂಬಿಸಿ ಮುಚ್ಚಳ ಒತ್ತಿ ಕೊಟ್ಟೆ.

"ಇದೆಲ್ಲಾ ಯಾಕ್ ಆಂಟಿ?" ಎಂದಳು.

"ಸೊಗಡಿದೆ, ಇವತ್ತೇ ಸಾರು ಮಾಡು" ಎಂದೆ.